ಷಟರಿನ ಕೆಳಗಿನ ಮೂರು ಪ್ರಶ್ನೆಗಳು

ನಾನು ಪುಕ್ಕಲ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ನಿಮಗೂ ನನಗೂ ಮುಂದಿನ ಮಾತು ಸಲೀಸು. ಕಳ್ಳ, ಹಾವು, ದೆವ್ವ ಇಂಥ ಮರ್ಯಾದಸ್ಥ ಹೆದರಿಕೆಗಳು ನನಗಿಲ್ಲ. ಬೀದಿಗೆ ಹಾವು ಬಂದರೆ ಕೋಲು ಹಿಡಿದು ಹೊರಡುವವರಲ್ಲಿ ನಾನೂ ಒಬ್ಬ, ಎರಡನೆಯ ಸಾಲಿನಲ್ಲಿ. ನನ್ನವೆಲ್ಲ ಚಿಲ್ಲರೆ ಹೆದರಿಕೆಗಳು. ಗ್ಯಾಸ್ ಆರಿಸಿದೆವೇ? ತೆಂಗಿನ ಮರದ ಆ ಒಣಗರಿ ಇವತ್ತೇ ಬೀಳುತ್ತದೆಯೇ? ಬಸ್ಸಿನ ಕಿಟಕಿಯಿಂದ ಕೈ ಹೊರಗಿಟ್ಟಿರುವ ಆ ಮನುಷ್ಯ ಕೊರಟಗೆರೆ ಬರುವುದರೊಳಗೆ ಕೈ ಒಳಗೆಳೆದುಕೊಳ್ಳುತ್ತಾನೆಯೇ? ನನಗೂ ಅವನಿಗೂ ಗುರುತು ಪರಿಚಯ ಇಲ್ಲ, ಆದರೂ ಆ ಕೈಯ ಚಿಂತೆ ನನ್ನದು.

ಸರ್ಕಾರಿ ನೌಕರಿಯಲ್ಲಿದ್ದಾಗ ಈ ಗುಣಕ್ಕೆ ಒಳ್ಳೆಯ ಹೆಸರಿತ್ತು. ನಾನು ಭೂಮಾಪಕನಾಗಿದ್ದೆ. ದೊಡ್ಡೇರಿ, ಹೊಳವನಹಳ್ಳಿ ಕಡೆಯ ಹೊಲಗಳಲ್ಲಿ ಸರಪಳಿ ಎಳೆದು ನಿಮ್ಮದು ಇಲ್ಲಿಗೆ ಮುಗಿಯಿತು, ಅವರದು ಇಲ್ಲಿಂದ ಶುರು ಎಂದು ತೋರಿಸುವ ಕೆಲಸ. ಒಂದೇ ಗೆರೆಯನ್ನು ಮೂರು ಸಲ ಅಳೆಯುತ್ತಿದ್ದೆ. ಬಿಸಿಲಲ್ಲಿ ನಿಂತು ಸಾಕಾದ ರೈತರು, "ಭೂಮಿ ಎಲ್ಲೂ ಎದ್ದೋಗಾಕಿಲ್ಲ ಬುಡಿ ಸ್ವಾಮಿ" ಎನ್ನುತ್ತಿದ್ದರು. ಮೇಲಧಿಕಾರಿಗಳು ಮಾತ್ರ ನನ್ನನ್ನು ಬಹಳ ಜಾಗರೂಕ ಮನುಷ್ಯ ಎಂದು ಬರೆದರು. ನಿವೃತ್ತನಾದ ಮೇಲೆ ಆ ಜಾಗರೂಕತೆಯನ್ನೆಲ್ಲ ಸುರಿಯುವುದಕ್ಕೆ ಹೊಲಗಳಿಲ್ಲ. ಅದು ಮಧುಗಿರಿಯ ನಮ್ಮ ಹಳೇ ಮನೆಗೆ ಬಂದು, ಕಾರ್ ಶೆಡ್ಡಿನ ಷಟರಿನ ಕೆಳಗೆ ಬಿಡಾರ ಹೂಡಿತು.

ಆ ಷಟರು ಹಾಕಿಸಿದವರು ನಮ್ಮಪ್ಪ. ಅವರದು ಕಡಲೆಕಾಯಿ ವ್ಯಾಪಾರ. ಮನೆಯ ಪಕ್ಕದ ದನದ ಕೊಟ್ಟಿಗೆಯನ್ನು ಮೊದಲು ಮೂಟೆ ಇಡುವ ಜಾಗ ಮಾಡಿದರು, ಆಮೇಲೆ ಒಂದು ಹಳೆಯ ಕರೀ ಕಾರು ತಂದು ಅದರೊಳಗೆ ನಿಲ್ಲಿಸಿದರು. ಕಾರಿಗೆ ತಕ್ಕ ಬಾಗಿಲು ಬೇಕಲ್ಲ? ಅವರು ಕಂಡಿದ್ದ ಬಾಗಿಲುಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಅಂಗಡಿಬೀದಿಯ ಕಬ್ಬಿಣದ ಷಟರು. ಅದನ್ನೇ ಮನೆಗೆ ಹಾಕಿಸಿಬಿಟ್ಟರು. ನಾನು ಚಿಕ್ಕವನಾಗಿದ್ದಾಗ ಸಂತೆಗೆ ಬಂದ ಹಳ್ಳಿಯವರು ನಮ್ಮ ಜಗುಲಿಯ ಮೇಲೆ ಕೂತು, ಅಂಗಡಿ ತೆಗೆಯುವುದು ಎಷ್ಟು ಗಂಟೆಗೆ ಎಂದು ಕೇಳುತ್ತಿದ್ದರು. ಅಮ್ಮ ಅವರಿಗೆ ಮಜ್ಜಿಗೆ ಕೊಟ್ಟು, ಇದು ಅಂಗಡಿಯಲ್ಲ ಎಂದು ಹೇಳಿ ಕಳಿಸುತ್ತಿದ್ದಳು. ಮಜ್ಜಿಗೆ ಕುಡಿದವರು ಮುಂದಿನ ವಾರವೂ ಬರುತ್ತಿದ್ದರು.

ಬಾಗಿಲುಗಳ ವಿಚಾರದಲ್ಲಿ ನನಗೊಂದು ಸಿದ್ಧಾಂತವಿದೆ. ಮರದ ಬಾಗಿಲು ಪಕ್ಕಕ್ಕೆ ಸರಿಯುತ್ತದೆ. ಬನ್ನಿ ಎಂದು ದಾರಿ ಬಿಟ್ಟು ನಿಲ್ಲುವುದು ಅದರ ಸಂಸ್ಕಾರ. ಬೇಡದವರು ಬಂದರೂ ಮುಖದ ಮೇಲೆ ಬಡಿಯಬಹುದೇ ಹೊರತು ತಲೆಯ ಮೇಲೆ ಬೀಳಲಾರದು. ನಮ್ಮೂರ ಬೆಟ್ಟದ ಕೋಟೆ ಹತ್ತುವಾಗ ಒಂದಾದ ಮೇಲೊಂದು ಬಾಗಿಲುಗಳು ಸಿಗುತ್ತವೆ. ಆನೆಗೂ ಜಗ್ಗದಂಥ ಕದಗಳು ಇದ್ದಿರಬೇಕು, ಈಗ ಕಲ್ಲಿನ ಚೌಕಟ್ಟು ಮಾತ್ರ ಉಳಿದಿದೆ. ಅವುಗಳ ಕೆಳಗೆ ನಾನು ಎಷ್ಟೋ ಸಲ ನಿಶ್ಚಿಂತೆಯಾಗಿ ನಿಂತು ದಣಿವಾರಿಸಿಕೊಂಡಿದ್ದೇನೆ. ಶತ್ರುಗಳಿಗೆಂದು ಕಟ್ಟಿದ ಬಾಗಿಲು ನನಗೆ ಹೆದರಿಕೆ ಹುಟ್ಟಿಸಲಿಲ್ಲ. ಸ್ವಂತ ಕಾರಿಗೆಂದು ಅಪ್ಪ ಹಾಕಿಸಿದ ಬಾಗಿಲು ಹುಟ್ಟಿಸಿತು. ಷಟರು ಮೇಲಿನಿಂದ ಬರುವ ಬಾಗಿಲು, ಕೆಳಗೆ ಯಾರಿದ್ದಾರೆ ಎಂಬುದು ಅದಕ್ಕೆ ತಿಳಿಯದು.

ಷಟರು ಸುತ್ತಿಕೊಳ್ಳುವ ಉರುಳೆಯೊಳಗೆ ಸ್ಪ್ರಿಂಗುಗಳಿರುತ್ತವೆ. ಅಷ್ಟು ಭಾರದ ಕಬ್ಬಿಣವನ್ನು ನಮ್ಮಂಥವರು ಒಂದು ಕೈಯಲ್ಲಿ ಎತ್ತುವುದು ಅವುಗಳ ದಯೆಯಿಂದ. ವರ್ಷಕ್ಕೊಮ್ಮೆ ಹೊಳವನಹಳ್ಳಿಯಿಂದ ಬಂದು ಅದಕ್ಕೆ ಗ್ರೀಸು ಹಚ್ಚುತ್ತಿದ್ದ ರಂಗಪ್ಪ ಎರಡು ವರ್ಷದ ಹಿಂದೆಯೇ ಏಣಿಯ ಮೇಲಿನಿಂದ ತೀರ್ಪು ಕೊಟ್ಟಿದ್ದ. "ಸ್ಪ್ರಿಂಗು ಮುಗುದೋಗೈತೆ ಸ್ವಾಮಿ. ಇದನ್ನ ತೆಗೆಸ್ಬುಟ್ಟು ಹೊಸದು ಹಾಕ್ಸಿ."

ಹೆದರುವ ಮನುಷ್ಯ ಅವತ್ತೇ ಹಾಕಿಸಬೇಕಿತ್ತು ಎಂದು ನೀವು ಹೇಳುತ್ತೀರಿ. ಹೆದರುವವರ ವಿಚಾರ ನಿಮಗೆ ಗೊತ್ತಿಲ್ಲ. ಹಳೆಯ ಷಟರಿನ ಭಯ ನನಗೆ ಅಭ್ಯಾಸವಾಗಿತ್ತು. ಹೊಸದರ ಭಯ ಹೇಗಿರುತ್ತದೋ ಏನೋ. ಹೊಸದು ಅಂದರೆ ಮೋಟಾರು, ರಿಮೋಟು, ಕರೆಂಟು. ಒಳಗಿರುವಾಗ ಕರೆಂಟು ಹೋದರೆ? ಎದುರುಮನೆಯವರು ಟಿವಿ ಚಾನೆಲ್ ಬದಲಾಯಿಸಿದಾಗ ನಮ್ಮ ಬಾಗಿಲು ತೆರೆದುಕೊಂಡರೆ? ಮನೆಗೆ ಅಂಥ ಬಾಗಿಲು ಹಾಕಿಸಿಕೊಂಡಿದ್ದ ಪಾವಗಡದ ನನ್ನ ಭಾವಮೈದ ಫೋನಿನಲ್ಲಿ, "ಏಮೀ ಕಾದು ಬಾವ, ಸುಮ್ನೆ ಹಾಕ್ಸು" ಎಂದು ತೆಲುಗು, ಕನ್ನಡ ಎರಡು ಭಾಷೆಯಲ್ಲಿ ಏನೂ ಆಗುವುದಿಲ್ಲವೆಂದು ಧೈರ್ಯ ಹೇಳಿದ. ನನಗೆ ಎರಡರಲ್ಲೂ ಧೈರ್ಯ ಬರಲಿಲ್ಲ. ಅದರ ಬದಲು ಅಟ್ಟದ ಮೇಲಿದ್ದ ಅಜ್ಜಿಯ ಕಾಲದ ಒನಕೆಯನ್ನು ಇಳಿಸಿ, ಎತ್ತಿದ ಷಟರಿಗೆ ಒಂದು ಪಕ್ಕದಲ್ಲಿ ಆನಿಸತೊಡಗಿದೆ. ಗಿರಣಿ ಬಂದಾಗಿನಿಂದ ಒನಕೆಗೆ ಕೆಲಸವಿರಲಿಲ್ಲ, ನಿವೃತ್ತಿಯಾದಾಗಿನಿಂದ ನನಗೂ ಇರಲಿಲ್ಲ. ಇಬ್ಬರೂ ಬೆಳಿಗ್ಗೆ ಎಂಟು ಗಂಟೆಗೆ ಡ್ಯೂಟಿಗೆ ಹಾಜರಾಗುತ್ತಿದ್ದೆವು.

ಎಂಟು ಗಂಟೆಗೆ ಯಾಕೆಂದರೆ ಅದು ನನ್ನ ಹೆಂಡತಿ ಗಿರಿಜಾ ಸ್ಕೂಟರಿನಲ್ಲಿ ದೊಡ್ಡೇರಿ ಕಡೆಯ ತನ್ನ ಶಾಲೆಗೆ ಹೊರಡುವ ಹೊತ್ತು. ಅವಳು ಅಲ್ಲಿ ಮುಖ್ಯೋಪಾಧ್ಯಾಯಿನಿ, ನಿವೃತ್ತಿಗೆ ಇನ್ನೂ ಮೂರು ವರ್ಷವಿದೆ. ನಾನು ಷಟರು ಎತ್ತಿ ಒನಕೆ ಆನಿಸುತ್ತಿದ್ದೆ. ಅವಳು ಸ್ಕೂಟರು ತಂದು ಹೊಸ್ತಿಲಿನ ಹತ್ತಿರ ಒಂದು ಕಾಲೂರಿ ನಿಲ್ಲುತ್ತಿದ್ದಳು. ಆಗ ನಾನು ಮೂರು ಪ್ರಶ್ನೆ ಕೇಳುತ್ತಿದ್ದೆ. ಹೆಲ್ಮೆಟ್ಟಿನ ಬಕಲು ಹಾಕಿದೆಯಾ? ಫೋನು ತಗೊಂಡೆಯಾ? ನೀರಿನ ಬಾಟಲಿ? ಅವಳು ಹೂಂ, ಹೂಂ, ಹೂಂ ಎಂದು ಮೂರು ಸಲ ಹೇಳಿ ಹೊರಡುತ್ತಿದ್ದಳು. ವರ್ಷಾನುಗಟ್ಟಲೆ ಇದೇ ಪ್ರಶ್ನೆ, ಇದೇ ಉತ್ತರ. ನಮ್ಮ ದಾಂಪತ್ಯದಲ್ಲಿ ಇದಕ್ಕಿಂತ ದೊಡ್ಡ ಪ್ರೇಮಸಲ್ಲಾಪ ನಡೆದ ನೆನಪು ನನಗಿಲ್ಲ.

ಆಷಾಢದ ಗಾಳಿ ಬೀಸುತ್ತಿದ್ದ ಒಂದು ಬೆಳಿಗ್ಗೆ ಕಾಫಿ ಕುಡಿಯುವಾಗಲೇ ನಾನು ಗಾಳಿಗೆ ರೆಂಬೆ ಮುರಿದು ಬೀಳುವುದು, ದಾರಿಗೆ ಕುರಿಮಂದೆ ಅಡ್ಡ ಬರುವುದು, ಬ್ರೇಕಿಗೆ ಮಣ್ಣು ಹಿಡಿಯುವುದು ಇವನ್ನೆಲ್ಲ ವಿವರವಾಗಿ ಹೇಳಿ ಮುಗಿಸಿದ್ದೆ. ಅವಳಿಗೆ ರೇಗಿತ್ತು. ಹೊಸ್ತಿಲಿನ ಹತ್ತಿರ ಬಂದಾಗ ಅಭ್ಯಾಸದಂತೆ, "ಹೆಲ್ಮೆಟ್ ಬಕಲು..." ಎಂದೆ. "ದಿನಾ ಅದೇ ರಾಗ ನಿಮ್ಮದು" ಎಂದವಳು ಅಂದು ಕಾಲೂರಲೇ ಇಲ್ಲ. ನೇರ ರಸ್ತೆಗಿಳಿದಳು. ಮೇಲೆ ಏನೋ ಟಣ್ ಎಂದಿತು. ಒನಕೆ ಸಿಮೆಂಟಿನ ಮೇಲೆ ಜಾರಿ ಪಕ್ಕಕ್ಕೆ ಬಿತ್ತು. ಇಡೀ ಷಟರು ಒಂದೇ ಏಟಿಗೆ ಕೆಳಗಿಳಿದು ಸ್ಕೂಟರಿನ ಹಿಂದಿನ ನಂಬರ್ ಪ್ಲೇಟನ್ನು ಕಿತ್ತುಕೊಂಡು ನೆಲಕ್ಕೆ ಬಡಿಯಿತು.

ನಾನು ಒಳಗೆ, ಕತ್ತಲಲ್ಲಿ. ಅವಳು ಹೊರಗೆ. ಅವಳು ಹೊರಗೆ ಬಿದ್ದಿದ್ದಾಳೋ ನಿಂತಿದ್ದಾಳೋ ನನಗೆ ಕಾಣುತ್ತಿಲ್ಲ. ಆಮೇಲೆ ಷಟರಿನ ಮೇಲೆ ಎರಡೂ ಕೈಯಿಂದ ಬಡಿಯುವ ಸದ್ದು ಬಂತು. "ರೀ! ರೀ! ನೀವು ಕೆಳಗಿದ್ರಾ? ಮಾತಾಡ್ರೀ!" ಶೆಡ್ಡಿನಿಂದ ಅಡಿಗೆಮನೆಗೆ, ಅಲ್ಲಿಂದ ನಡುಮನೆಗೆ ಓಡಿ, ಮುಂಬಾಗಿಲಿನಿಂದ ಬೀದಿಗೆ ಬಂದೆ. ಅವಳು ಇನ್ನೂ ಬಡಿಯುತ್ತಲೇ ಇದ್ದಳು. ನನ್ನನ್ನು ನೋಡಿ, "ಬಾಯಿ ಬರಲ್ವಾ ನಿಮಗೆ?" ಎಂದು ಗದರಿದಳು. ಕಣ್ಣು ತುಂಬಿತ್ತು. ಆಮೇಲೆ ಸೊಟ್ಟಗಾಗಿ ಬಿದ್ದಿದ್ದ ನಂಬರ್ ಪ್ಲೇಟು ನೋಡಿ ನಕ್ಕಳು. ಪ್ರಾರ್ಥನೆಗೆ ತಡವಾಯಿತು ಎಂದು ಹೊರಟೂ ಹೋದಳು.

ನಾನು ನಗಲಿಲ್ಲ. ಒಳಗೆ ಹೋಗಿ ಹಳೆಯ ಅಳತೆ ಟೇಪು ತಂದೆ. ದಿನಾ ಅವಳು ಕಾಲೂರುತ್ತಿದ್ದ ಕಡೆ ಸಿಮೆಂಟು ಸ್ವಲ್ಪ ನುಣುಪಾಗಿತ್ತು. ಷಟರಿನ ಗೆರೆಯಿಂದ ಅದಕ್ಕೆ ಎಷ್ಟು ದೂರ ಎಂದು ಅಳೆದೆ. ಮೂರು ಸಲ ಅಳೆದು ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ನಾಲ್ಕು ಬೆರಳು. ಅವಳು ಎಂದಿನಂತೆ ಕಾಲೂರಿ ನಿಂತು ನನ್ನ ಪ್ರಶ್ನೆಗೆ ಹೂಂ ಎಂದಿದ್ದರೆ ಅಷ್ಟೂ ಕಬ್ಬಿಣ ಅವಳ ಹೆಗಲ ಮೇಲೆ ಇರುತ್ತಿತ್ತು. ಅವಳನ್ನು ಕಾಪಾಡಿದ್ದು ಅವಳ ಕೋಪ. ಆ ಜಾಗದಲ್ಲಿ ದಿನಾ ಅವಳನ್ನು ನಿಲ್ಲಿಸುತ್ತಿದ್ದದ್ದು ನನ್ನ ಕಾಳಜಿ. ಅವಳಿಗೆ ಹೇಳಲಿಲ್ಲ. ಮರುದಿನದಿಂದ ಪ್ರಶ್ನೆ ಕೇಳುವುದನ್ನೇ ನಿಲ್ಲಿಸಿದೆ.

ಸ್ಕೂಟರು ಈಗ ಮುಂಬಾಗಿಲ ಜಗುಲಿಯ ಪಕ್ಕ ನಿಲ್ಲುತ್ತಿತ್ತು. ಎಂಟು ಗಂಟೆಗೆ ಅವಳು ಹೆಲ್ಮೆಟ್ ಹಾಕಿಕೊಂಡು ಒಂದು ಕ್ಷಣ ನನ್ನ ಕಡೆ ನೋಡುವಳು. ನಾನು ಪೇಪರು ನೋಡುವೆ. ಅವಳು ಹೊರಡುವಳು. ಎಂಬತ್ತನಾಲ್ಕರ ನನ್ನ ತಾಯಿ ಇದನ್ನು ನಾಲ್ಕು ದಿನ ಗಮನಿಸಿ ಐದನೆಯ ದಿನ ಕೇಳಿದಳು. "ಲೇ ಶಂಕ್ರ, ಯಾಕ್ಲಾ ಬಾಯಿ ಹೊಲ್ಕಂಡು ಕುಂತಿದೀಯಾ? ಆ ಹುಡ್ಗಿ ಹೊಂಟಾಗ ಏನೋ ಒದರ್ತಿದ್ದಲ್ಲಾ, ಅದೇನಾಯ್ತು?" ಏನೂ ಇಲ್ಲಮ್ಮ, ಷಟರು ಬದಲಾಯಿಸೋಣ ಅಂತಿದ್ದೀನಿ ಎಂದೆ.

ಹೀಗೆ ಶಿರಾದಿಂದ ಷಫಿ ಬಂದ. ನಲವತ್ತರ ಆಸುಪಾಸು, ಅಳತೆ ತೆಗೆಯುವಾಗ ಮಾತಾಡದವನು. ಅವನು ಒಂದೇ ಸಲ ಅಳೆದು ಟೇಪು ಮಡಚಿದ್ದು ನೋಡಿ ನನಗೆ ಗಾಬರಿಯಾಗಿ, ಇನ್ನೊಂದು ಸಲ ನೋಡಪ್ಪಾ ಎಂದೆ. ಅವನು ಬೇಸರವಿಲ್ಲದೆ ಇನ್ನೊಂದು ಸಲ ಅಳೆದ. ಅದೇ ಲೆಕ್ಕ ಬಂತು. ನನ್ನ ಪ್ರಶ್ನೆಗಳೆಲ್ಲ ಅವನಿಗೆ ಮೊದಲೇ ಕಂಠಪಾಠವಾದಂತಿದ್ದವು. ಕರೆಂಟು ಹೋದರೆ ಕೈಯಲ್ಲಿ ಎಳೆಯಲು ಸರಪಳಿ ಇದೆ. ಎದುರುಮನೆ ಟಿವಿಗೂ ಇದಕ್ಕೂ ಸಂಬಂಧವಿಲ್ಲ. ಕೊನೆಗೆ ನಾನು ಮುಖ್ಯವಾದದ್ದನ್ನು ಕೇಳಿದೆ. ಯಾರಾದರೂ ಕೆಳಗೆ ನಿಂತಿದ್ದರೆ?

"ಅದಕ್ಕೇ ಕಣ್ಣು ಹಾಕ್ತೀನಿ ಸಾಬ್. ಈ ಕಡೆ ಒಂದು, ಆ ಕಡೆ ಒಂದು, ಮೊಣಕಾಲೆತ್ರಕ್ಕೆ. ಮಧ್ಯದಾಗೆ ಏನೇ ಅಡ್ಡ ಬಂದ್ರೂ ಬಾಗಿಲು ಬರಾಕಿಲ್ಲ. ಫಿಕರ್ ನಕ್ಕೋ, ಚಿಂತೆ ಬ್ಯಾಡ" ಎಂದ.

ಒಂದು ವಾರದ ಮೇಲೆ ಹಳೆಯದು ಇಳಿಯಿತು. ಉರುಳೆಯೊಳಗೆ ಎರಡು ತುಂಡಾದ ಸ್ಪ್ರಿಂಗು, ಅದರ ಪಕ್ಕ ಗುಬ್ಬಚ್ಚಿಯ ಖಾಲಿ ಗೂಡು ಇತ್ತು. ಹೊಸದು ಸಂಜೆಯ ಹೊತ್ತಿಗೆ ಏರಿತು. ಷಫಿ ಗುಂಡಿ ಒತ್ತಿ ತೋರಿಸಿದ, ಚೆನ್ನಾಗಿಯೇ ಏರಿ ಇಳಿಯಿತು. ನನಗೆ ಸಾಲದು. ಇಳಿಯುವಾಗ ಅಡ್ಡಲಾಗಿ ಬಕೆಟ್ಟು ಇಟ್ಟು ನೋಡಿದೆ, ನಿಂತಿತು. ಸ್ಟೂಲು ಇಟ್ಟೆ, ನಿಂತಿತು. ದೃಷ್ಟಿ ತೆಗೆಯಲು ಅಮ್ಮ ತರಿಸಿಟ್ಟಿದ್ದ ಬೂದುಗುಂಬಳವನ್ನು ಆ ಸ್ಟೂಲಿನ ಮೇಲೆ ಕೂರಿಸಿದೆ. ಅದು ಹೆಚ್ಚುಕಡಿಮೆ ಮನುಷ್ಯನ ತಲೆಯಷ್ಟೇ ಇತ್ತು. ಬಾಗಿಲು ಅರ್ಧಕ್ಕೆ ಬಂದಾಗ ಸ್ಟೂಲನ್ನು ಅದರಡಿಗೆ ತಳ್ಳಿದೆ, ಅದು ಕುಂಯ್ ಎಂದು ಸದ್ದು ಮಾಡಿ, ಹಿಂದಕ್ಕೆ ಏರಿತು. ಒಡೆಯಲೆಂದೇ ತಂದ ಕಾಯಿ ಒಡೆಯದೆ ಉಳಿದದ್ದಕ್ಕೆ ಸಂತೋಷಪಟ್ಟ ಮನುಷ್ಯ ಈ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಅಮ್ಮ, "ಆಟ ಸಾಕು ಮಾಡ್ಲಾ, ಪೂಜೆಗೆ ಹೊತ್ತಾಯ್ತದೆ" ಎಂದಳು.

ನಮ್ಮ ಮನೆಯಲ್ಲಿ ಹೊಸದೇನೇ ಬರಲಿ, ಮೊದಲು ವಿಭೂತಿ ಹಚ್ಚಬೇಕು. ಟ್ರ್ಯಾಕ್ಟರಿಗಾಗಲಿ ಮಿಕ್ಸಿಗಾಗಲಿ ವಿನಾಯಿತಿ ಇಲ್ಲ. ಷಫಿ ಸಾಮಾನು ಕಟ್ಟಿಕೊಂಡು ಹೋದ ಮೇಲೆ ಸ್ಕೂಟರು ಒಳಗಿಟ್ಟು ಬಾಗಿಲು ಮುಚ್ಚಿದೆ, ಅಮ್ಮ ತಟ್ಟೆ ತಂದು ಕೊಟ್ಟಳು. ಬಗ್ಗಲಾರದ್ದರಿಂದ ಅವಳು ಕುರ್ಚಿಯಲ್ಲಿ ಕೂತಳು, ಹಚ್ಚುವ ಕೆಲಸ ನನಗೆ ಬಂತು. ಬೇರೆಯವರಾಗಿದ್ದರೆ ಬಾಗಿಲ ನಡುವೆ ಮೂರು ಬೆರಳು ಎಳೆದು ಮುಗಿಸುತ್ತಿದ್ದರು. ನಾನು ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇದು, ಮಂದವಾಗಿ ಕಲಸಿ, ಏಣಿ ಹತ್ತಿ ಮೋಟಾರಿಗೆ ಹಚ್ಚಿದೆ, ಉರುಳೆಗೆ ಹಚ್ಚಿದೆ, ಎರಡೂ ಪಕ್ಕದ ಪಟ್ಟಿಗೆ ಹಚ್ಚಿದೆ, ರಿಮೋಟಿಗೆ ಹಚ್ಚಿದೆ. ಯಾವ ಭಾಗ ಕೈ ಕೊಟ್ಟರೆ ಗಿರಿಜೆಗೆ ಅಪಾಯ ಎಂದು ಯೋಚಿಸಿ ಅಲ್ಲಿ ಇನ್ನೊಂದು ಪಟ್ಟೆ ಎಳೆದೆ. ದೇವರ ಕಣ್ಣು ತಪ್ಪಿಸಿಕೊಂಡ ಒಂದೇ ಒಂದು ಸ್ಕ್ರೂ ಇರಬಾರದು ಎಂಬುದು ನನ್ನ ಉದ್ದೇಶ. ಆಮೇಲೆ ಅಂಗಳದಲ್ಲಿ ಕುಂಬಳಕಾಯಿ ಒಡೆದೆ. ಅಷ್ಟು ಹೊತ್ತು ಪಾರಾಗಿದ್ದ ಕಾಯಿಗೆ ಸ್ವಲ್ಪ ಅನ್ಯಾಯವಾಯಿತು ಅನ್ನಿಸಿತು.

ಮರುದಿನ ಎಂಟು ಗಂಟೆ. ಗಿರಿಜಾ ಬಾಗಿಲು ತೆರೆದು, ಸ್ಕೂಟರು ಹೊರಗೆ ತಂದು, ರಸ್ತೆಯಲ್ಲಿ ನಿಂತು ಮುಚ್ಚಲು ರಿಮೋಟು ಒತ್ತಿದಳು. ಬಾಗಿಲು ಕುಂಯ್ ಎಂದಿತು, ಕದಲಲಿಲ್ಲ. ಮತ್ತೆ ಒತ್ತಿದಳು. ಮತ್ತೆ ಕುಂಯ್. ಮೊದಲ ದಿನವೇ ಹೀಗಾದರೆ ಇದನ್ನು ನಂಬುವುದು ಹೇಗೆ? ನೀನು ಹೊರಡು, ನಾನು ನೋಡಿಕೊಳ್ಳುತ್ತೇನೆ ಎಂದು ಅವಳನ್ನು ಕಳಿಸಿ ಷಫಿಗೆ ಫೋನು ಮಾಡಿದೆ.

"ಕಣ್ಣಿಗೆ ಏನಾದ್ರೂ ಅಡ್ಡ ಐತಾ ನೋಡಿ ಸಾಬ್" ಎಂದ.

ಏನೂ ಅಡ್ಡ ಇಲ್ಲ, ಪೂಜೆ ಬೇರೆ ಮಾಡಿದ್ದೇವೆ, ನಿನ್ನ ಯಂತ್ರವೇ ಸರಿಯಿಲ್ಲ ಎಂದು ಸ್ವಲ್ಪ ಜೋರಾಗಿಯೇ ಅಂದೆ. ಅವನು ಕೂಡಲೇ ಶಿರಾದಿಂದ ಹೊರಟ. ಅವನು ಬರುವ ತನಕ ನಾನು ತೆರೆದ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು, ಪಕ್ಕದಲ್ಲಿ ಒನಕೆ ಇಟ್ಟುಕೊಂಡು ಕಾವಲು ಕೂತೆ.

ಷಫಿ ಬಂದವನೇ ಮೊಣಕಾಲೂರಿ ಪಟ್ಟಿಯ ಕೆಳಗೆ ನೋಡಿದ. ಮುಖದಲ್ಲಿ ನಗು ಬಂದದ್ದನ್ನು ನುಂಗಿಕೊಂಡ. ಜೇಬಿನಿಂದ ಕರ್ಚೀಫು ತೆಗೆದವನು ಯಾಕೋ ಅಲ್ಲೇ ನಿಂತು, ಕುರ್ಚಿಯಲ್ಲಿ ಕೂತಿದ್ದ ಅಮ್ಮನ ಕಡೆ ತಿರುಗಿದ. "ಅಜ್ಜೀ, ನಿಮ್ಮ ವಿಭೂತಿ. ನಾ ಒರೆಸ್ಲಾ?"

ನಾನೂ ಬಗ್ಗಿ ನೋಡಿದೆ. ಬಟಾಣಿಯಷ್ಟಿರುವ ಎರಡು ಗಾಜಿನ ಕಣ್ಣುಗಳ ಮೇಲೂ ವಿಭೂತಿ ಗಾರೆಯ ಹಾಗೆ ಒಣಗಿ ಕೂತಿತ್ತು. ಅಲ್ಲಿ ಎರಡೆರಡು ಸಲ ಪಟ್ಟೆ ಎಳೆದದ್ದು ನನಗೆ ಚೆನ್ನಾಗಿ ನೆನಪಿತ್ತು. ಅಮ್ಮ ನಿಧಾನವಾಗಿ ಎದ್ದು ಬಂದು, ಷಫಿಯ ಹೆಗಲು ಹಿಡಿದು ಬಗ್ಗಿ, ಸೆರಗಿನ ತುದಿಯಿಂದ ತಾನೇ ಒರೆಸಿದಳು. "ಕಣ್ಣಿಗೆ ಯಾರಾನಾ ವಿಭೂತಿ ಬಳೀತಾರೇನ್ಲಾ? ಹಣೆಗೆ ತಾನೇ ಹಚ್ಚೋದು? ಅರವತ್ತೆರಡು ವರ್ಸ ಆಯ್ತು, ಇದೂ ಹೇಳ್ಕೊಡ್ಬೇಕೇನ್ಲಾ ನಿಂಗೆ?"

ಬಾಗಿಲು ಸದ್ದಿಲ್ಲದೆ ಇಳಿದು ಮುಚ್ಚಿಕೊಂಡಿತು. ಜೋರು ಮಾಡಿದ್ದಕ್ಕೆ ಷಫಿಯ ಹತ್ತಿರ ಕ್ಷಮೆ ಕೇಳಿ, ಅಮ್ಮನ ಕೈಯ ಮಂಡಕ್ಕಿ ಒಗ್ಗರಣೆ ತಿನ್ನಿಸಿದೆ. ತಿನ್ನುತ್ತಾ ಅವನೊಂದು ಮಾತು ಹೇಳಿದ. "ಮುಚ್ಲಿಲ್ಲ ಅಂತ ಬೈಬೇಡಿ ಸಾಬ್, ಅದು ಒಳ್ಳೇದೇ. ಅದಕ್ಕೆ ಕಾಣ್ದಿದ್ರೆ ಯಾರೋ ಅವ್ರೆ ಅಂತ್ಲೇ ತಿಳ್ಕೊಳ್ತದೆ. ಹಂಗೇ ಮಾಡವ್ರೆ ಅದನ್ನ."

ಈ ಮಾತು ಇಡೀ ದಿನ ನನ್ನ ತಲೆಯಲ್ಲಿ ಸುತ್ತಿತು. ಕಾಣದಿದ್ದರೆ ಯಾರೋ ಇದ್ದಾರೆ ಎಂದುಕೊಳ್ಳುವ ಬಾಗಿಲು! ಹಾಗಾದರೆ ಇದು ನನ್ನ ಪೈಕಿಯದೇ. ನಾನೂ ಕಾಣದ್ದನ್ನು ಕುರಿತೇ ಬದುಕೆಲ್ಲ ಹೆದರಿದವನು. ಅವತ್ತು ಷಟರಿನ ಆಚೆಯಿಂದ ಗಿರಿಜಾ ಬಡಿದದ್ದೂ ಕಾಣದೆ ಹೋದದ್ದಕ್ಕೇ ತಾನೆ? ಅಷ್ಟು ವರ್ಷ ನನ್ನ ಪುಕ್ಕಲುತನವನ್ನು ಗೇಲಿ ಮಾಡಿದವಳು ಆ ಒಂದು ನಿಮಿಷ ನನಗಿಂತ ಹೆಚ್ಚು ಹೆದರಿದ್ದಳು. ಒಂದೇ ವ್ಯತ್ಯಾಸ. ನಾನು ಹೆದರಿದಾಗ ಎದುರಿನವರನ್ನು ನಿಲ್ಲಿಸುತ್ತೇನೆ. ಈ ಬಾಗಿಲು ಹೆದರಿದಾಗ ತಾನು ನಿಲ್ಲುತ್ತದೆ. ಬುದ್ಧಿ ಯಾರಿಗೆ ಹೆಚ್ಚು ಎಂದು ನೀವೇ ಹೇಳಿ.

ಅದರ ಮಾರನೆಯ ಬೆಳಿಗ್ಗೆ ಗಿರಿಜಾ ಗುಂಡಿ ಒತ್ತಿ ಬಾಗಿಲು ತೆರೆದಳು. ನಾನು ಅಡಿಗೆಮನೆಯ ಬಾಗಿಲಲ್ಲಿ ಪೇಪರು ಹಿಡಿದು ನಿಂತಿದ್ದೆ. ಅವಳು ಸ್ಕೂಟರನ್ನು ಸರಿಯಾಗಿ ಹೊಸ್ತಿಲಿನ ಗೆರೆಯ ಹತ್ತಿರ ತಂದು, ಆ ನುಣುಪಾದ ಜಾಗದಲ್ಲೇ ಕಾಲೂರಿ ನಿಂತಳು. ಆಮೇಲೆ ಕೈ ಎತ್ತಿ ರಿಮೋಟಿನ ಮುಚ್ಚುವ ಗುಂಡಿ ಒತ್ತಿದಳು. ನನ್ನ ಕೈಯಿಂದ ಪೇಪರು ಬಿತ್ತು. ಬಾಗಿಲು ಕುಂಯ್ ಎಂದಿತು. ಕದಲಲಿಲ್ಲ. ಅವಳು ಮತ್ತೊಮ್ಮೆ ಒತ್ತಿದಳು, ಮತ್ತೆ ಕುಂಯ್.

"ನೋಡಿದ್ರಲ್ಲ?" ಎಂದಳು. "ನೆಲದ ಮೇಲಿನ ಸೀಮೆಸುಣ್ಣದ ಗೆರೆ ನಾನು ಅವತ್ತು ಸಂಜೆನೇ ನೋಡಿದೆ. ನಾಲ್ಕು ಬೆರಳು. ಅಳೆಯೋದು ನಿಮಗೊಬ್ಬರಿಗೇ ಬರುತ್ತೆ ಅಂದ್ಕೊಂಡಿದೀರಾ? ಮೂರು ವಾರದಿಂದ ಪ್ರಶ್ನೆ ಇಲ್ಲದೆ ಹೋಗಿ ಹೋಗಿ, ದಾರಿಯಲ್ಲಿ ನಾನೇ ಬಕಲು ಮುಟ್ಟಿ ನೋಡ್ಕೊಳ್ಳೋ ಹಾಗಾಗಿದೆ. ಹೂಂ, ಕೇಳಿ ಈಗ. ಬಾಗಿಲು ಕಾಯುತ್ತೆ."

ಬಿದ್ದ ಪೇಪರು ಎತ್ತಿಕೊಂಡೆ. ಅದನ್ನು ಮಡಚುತ್ತಾ ಕೇಳಿದೆ. ಹೆಲ್ಮೆಟ್ಟಿನ ಬಕಲು ಹಾಕಿದೆಯಾ? ಹೂಂ. ಫೋನು ತಗೊಂಡೆಯಾ? ಹೂಂ. ನೀರಿನ ಬಾಟಲಿ?

ಅವಳು ಬ್ಯಾಗಿಗೆ ಕೈ ಹಾಕಿ ತಡಕಾಡಿದಳು. ಬಾಟಲಿ ಅಡಿಗೆಮನೆಯ ಕಟ್ಟೆಯ ಮೇಲೇ ಇತ್ತು. ನಾನು ಓಡಿದೆ.